ರೋ

ಒನೊಮಿಚಿ ಬಂದರಿನ ಮೇಲಿನ ಓಣಿಯಲ್ಲಿ
ಇಸೊಗೈ ಮೇಷ್ಟ್ರು ಶಾಕುಹಾಚಿ ಕೈಗಿತ್ತು
ವರ್ಷವಿಡೀ ಕಲಿಸಿದ್ದು ಒಂದೇ ಸ್ವರ: ರೋ.
ಐದೂ ತೂತು ಮುಚ್ಚಿ ಊದು,
ಉಸಿರು ಮುಗಿದ ಮೇಲೂ ಚೂರು ಊದು.

ಬಂದದ್ದು ಬರೀ ಗಾಳಿ.
ನಮ್ಮ ಕೆಟಲೇ ವಾಸಿ, ಅಂದರು ಅವರ ಹೆಂಡತಿ.

ಈಗ ನನಗೆ ಅರವತ್ತೊಂದು.
ಮುಂದಿನೆರಡು ಹಲ್ಲು ಕಟ್ಟಿಸಿದ ದಿನದಿಂದ
ರೋ ನನ್ನ ಗುರುತು ಹಿಡಿಯುತ್ತಿಲ್ಲ.
ಚಳಿಗೆ ಬಿದಿರೂ ಸೀಳಿದೆ; ದಾರ ಸುತ್ತಿದ್ದೇನೆ.

ಗುರುವಾರ ಬರುತ್ತಾಳೆ ಮೀನಂಗಡಿಯ ಚಿಗುಸಾ,
ಬೆರಳಲ್ಲಿನ್ನೂ ಐಸಿನ ಕೆಂಪು.
ಗೋಡೆಗೆ ಮುಖಮಾಡಿ ಇಬ್ಬರೂ ಊದುತ್ತೇವೆ,
ಗಾಳಿ, ಮತ್ತೆ ಗಾಳಿ.

"ನಿಮಗೂ ಬರೋದಿಲ್ವಾ ಮೇಷ್ಟ್ರೇ?"
"ಇವತ್ತು ಇನ್ನೂ ಬಂದಿಲ್ಲ ಕಣಮ್ಮ."

ಕೆಳಗೆ ದಾಟುದೋಣಿ ಕೂಗಿತು
ಸರಿಯಾಗಿ ಅದೇ ಸ್ವರದಲ್ಲಿ,
ಯಾರ ಹತ್ತಿರವೂ ಕಲಿಯದೆ.