ಗೊರಸಿನಡಿ

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು, ಸರಿ.
ಇವು ದುಡ್ಡು ಕೊಟ್ಟು ತಂದ ಕುದುರೆಗಳು,
ಗೇಣುದ್ದ, ಪ್ಲಾಸ್ಟಿಕ್ಕಿನವು.
ಹಲ್ಲೇ ಇಲ್ಲ ಇವಕ್ಕೆ.
ಹಗಲೆಲ್ಲ ಊರಿನ ಬೊಚ್ಚುಬಾಯಿಗಳಿಗೆ ಸೆಟ್ ಕಟ್ಟುವ ನನಗೆ
ಅದೊಂದು ಆರಾಮ.
ಅಂಗಾತ ಮಲಗಿಸಿ ಗೊರಸು ನೋಡುತ್ತೇನೆ.

ಗೊರಸಿನಡಿ ದೇಶ ಇರುತ್ತದೆ.
ಇಟಲಿ. ಗ್ರೀಸ್. ಪೆರು.
ಅಚ್ಚು ಒಂದೇ, ಹಡಗು ಹತ್ತಿ ತಿರುಗಿದ್ದು;
ಇಳಿದಲ್ಲಿ ಸಿಕ್ಕ ಬಣ್ಣ ಕುಡಿದು
ಅಲ್ಲಿಯವೇ ಆಗಿಬಿಟ್ಟವು.
ಗ್ರೀಸಿನದಕ್ಕೆ ಕೆನ್ನೆ ಉಬ್ಬು,
ಪೆರುವಿನದು ಜ್ವರದಿಂದ ಎದ್ದ ಹಾಗೆ ಬಿಳುಚು,
ನಮ್ಮ ದೇಶದ್ದಕ್ಕೆ ಕಣ್ಣಿನ ಬಣ್ಣ
ಒಂದು ಕೂದಲೆಳೆ ಆಚೆ ಬಿದ್ದು
ಸದಾ ಪಕ್ಕದ ಮನೆಯನ್ನೇ ನೋಡುತ್ತಿರುತ್ತದೆ.

ಪಿ.ಜೆ. ಬಡಾವಣೆಯ ನನ್ನ ಲ್ಯಾಬಿನಲ್ಲಿ
ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಇದೆ, ಹದಿನಾರು ಬಿಳಿ;
ಒಸಡಿಗೆ ಬೇರೆ, ಆರು ಗುಲಾಬಿ.
ರಾತ್ರಿ ಷಟರ್ ಅರ್ಧ ಎಳೆದು
ಅದನ್ನೇ ಕುದುರೆಯ ಪಕ್ಕೆಗೆ ಹಿಡಿಯುತ್ತೇನೆ.
ಮೂರನೇ ಗುಲಾಬಿ, ಸ್ಪೇನ್.
ನಾಲ್ಕನೆಯದೆಂದು ಕಂಡರೆ
ಬಿಸಿಲಿಗಿಟ್ಟ ಇಟಲಿ. ಮೋಸ ಹೋಗಬೇಡಿ.

ನೀಲಾಂಬಿಕೆ ಎಣಿಸುವುದು ಬಿಟ್ಟಿದ್ದಾಳೆ.
ಬಂದವರಿಗೆ, ಮೊಮ್ಮಗಳದ್ದು ಅನ್ನುತ್ತಾಳೆ.
ನಮಗೆ ಮೊಮ್ಮಗಳಿಲ್ಲ.

ಆಷಾಢದಲ್ಲಿ ಆಜಾದ್‌ನಗರದ ಗುಜರಿ ಚಮನ್‌ಸಾಬ್ರು
ಫೋನು ಮಾಡಿದರು:
"ನಿಮ್ದೊಂದು ಬಂದೈತಿ ನೋಡ್ರಿ, ಬಕೆಟ್ಟಿನ ಜೊತಿ."
ಸೈಕಲ್ ರಿಮ್ಮು, ಚಪ್ಪಲಿ ಅಟ್ಟೆ, ಎಣ್ಣೆ ಡಬ್ಬಿಗಳ ನಡುವೆ
ಆಕಾಶನೀಲಿ ಮೈ,
ತೊಡೆಯ ಮೇಲೆ ಮೂರು ಛತ್ರಿ,
ಗೊರಸಿನಡಿ ನಮ್ಮ ದೇಶ.
ಹನ್ನೊಂದು ವರ್ಷ ಹುಡುಕಿದ್ದು!
ಹತ್ತು ರೂಪಾಯಿ ಅಂದರು.
ಕೈ ನಡುಗಿದ್ದು ಕಾಣದಿರಲೆಂದು
ಬಕೆಟ್ಟೂ ಕೊಂಡೆ.

ಕೂದಲು ಮಾತ್ರ ತಪ್ಪು.
ನೈಲಾನಿನ ಗುಲಾಬಿ ಇರಬೇಕಾದಲ್ಲಿ
ಮಾಸಿದ ಅರಿಶಿನದ ಹತ್ತಿ ನೂಲು, ಗಂಟು ಗಂಟು.
ಯಾರದೋ ಕಿತಾಪತಿ ಅಂದುಕೊಂಡು
ಚಿಮಟ ಹಿಡಿದು, ಬೇರು ತೆಗೆಯುವ ತಾಳ್ಮೆಯಿಂದ
ಒಂದೊಂದೇ ತೂತಿನಿಂದ ಎಳೆದೆ.
ಎಪ್ಪತ್ತೆರಡು ತೂತು.
ನೂಲು ಕಸದ ಬುಟ್ಟಿಗೆ. ಬೆಳಿಗ್ಗೆ ಪಾಲಿಕೆಯ ಗಾಡಿ ಬಂತು, ಹೋಯಿತು.
ಗ್ರೀಸಿನಲ್ಲಿ ನನ್ನಂಥದೇ ಹುಚ್ಚಿನ ಒಬ್ಬಳಿದ್ದಾಳೆ,
ಅವಳಿಗೆ ಬರೆದೆ: ಗುಲಾಬಿ ಕೂದಲು ಕಳಿಸು.

ಇನ್ನೊಂದು ಇದ್ದೀತೆಂಬ ಆಸೆಗೆ
ಮನೆ ಕೇಳಿಕೊಂಡು ಹೋದೆ.
ಮಂಡಕ್ಕಿ ಭಟ್ಟಿಯ ಸಾಲು. ಹೊಟ್ಟಿನ ಹೊಗೆ,
ಮರಳಿನಲ್ಲಿ ಅಕ್ಕಿ ಸಿಡಿಯುವ ಸದ್ದು.
ಮಾಬೂಬಿ ಜರಡಿ ಕೆಳಗಿಡದೆ ಮಾತಾಡಿದರು:

"ಆ ನೀಲಿ ಕುದುರಿ? ನಮ್ ಶಮಾಂದು.
ಬಾಚಿ ಬಾಚಿ ಬೋಳು ಮಾಡಿದ್ಲು,
ಆಮ್ಯಾಲ ತಾನೇ ಅಳಾಕ ಹತ್ತಿದ್ಲು.
ಅವರಪ್ಪ ಮಿಲ್ಲಿನಾಗ ಇದ್ರಲ್ಲ, ಸ್ಪಿನ್ನಿಂಗಿನ್ಯಾಗ.
ಗೇಟು ಮುಚ್ಚೋ ವಾರ, ಸಂಬಳ ಇಲ್ಲ,
ಕಿಸೆ ತುಂಬ ನೂಲು ಹಾಕ್ಕಂಡು ಬಂದ್ರು.
ಕೌದಿ ಸೂಜೀಲೆ ರಾತ್ರೆಲ್ಲ ಕುಂತು ಪೋಣಿಸಿದ್ರು ನೋಡ್ರಿ.
ಅರಿಶಿನ ಅದ್ದಿದ್ದು ನಾನು."

ಒಂದು ಜರಡಿ ಮಂಡಕ್ಕಿ ಚೀಲಕ್ಕೆ ಬಿತ್ತು.

"ಕೂದ್ಲ ಇನ್ನೂ ಗಟ್ಟಿ ಐತಲ್ಲ?"

ಐತಿ, ಅಂದೆ.

ಚೌಕಿಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ.
ಅಪ್ಪಟ ಹತ್ತಿ ಎಂದು ಕೊಟ್ಟ ನೂಲನ್ನು
ಅಲ್ಲೇ ಕಡ್ಡಿ ಗೀರಿ ಸುಟ್ಟು ನೋಡಿದೆ:
ಉರಿಯಲಿಲ್ಲ, ಕರಗಿ ಕರಿ ಉಂಡೆ ಕಟ್ಟಿತು,
ನನ್ನ ಕುದುರೆಗಳದೇ ಜಾತಿ.
ಒಂದು ಕಾಲಕ್ಕೆ ಸೈರನ್ ಕೂಗಿದರೆ
ಗಾಳಿಯಲ್ಲೇ ಅರಳೆ ಹಾರುತ್ತಿದ್ದ ಊರು.

ಗ್ರೀಸಿನ ಪೊಟ್ಟಣ ಬಂದು ವಾರವಾಯಿತು, ಒಡೆದಿಲ್ಲ.
ಕಿವಿಯ ಹಿಂದಿನ ಒಂದು ತೂತಿನಲ್ಲಿ
ಗಂಟು ಬಿಗಿಯಾಗಿ ಚಿಮಟಕ್ಕೆ ಬಾರದೆ
ಅರ್ಧ ಇಂಚು ನೂಲು ಉಳಿದಿದೆ.
ಧೂಳು ಒರೆಸುವಾಗ ಅಲ್ಲಿಗೆ ಬಟ್ಟೆ ತಾಗಿಸುವುದಿಲ್ಲ.
ಪಟ್ಟಿಯ ಪುಸ್ತಕದಲ್ಲಿ ದೇಶದ ಹೆಸರು ಹೊಡೆದುಹಾಕಿ
ದಾವಣಗೆರೆ ಅಂತ ಬರೆದೆ,
ಕೂದಲಿನ ಕಾಲಂ ಖಾಲಿ ಬಿಟ್ಟೆ.

"ಆಯ್ತು, ಈ ತೂತು ಬಕೆಟ್ ಯಾವ ದೇಶದ್ದು?"
ನೀಲಾಂಬಿಕೆ ಕೇಳಿದಳು.

ನಾನು ಬೋರಲು ಹಾಕಿ ನೋಡಿದೆ.