ಸಿಳ್ಳೆ ಹೊರಡುವ ಜಾಗ

ಹಡರ್ಸ್‌ಫೀಲ್ಡಿನ ಈ ಶೆಡ್ಡಿನಲ್ಲಿ
ಬೆಳಗಿನ ಒಂಬತ್ತಕ್ಕೂ ದೀಪ ಬೇಕು.
ದೀಪದ ಕೆಳಗೆ ಹಳೆ ಪತ್ರಿಕೆ, ಪತ್ರಿಕೆಯ ಮೇಲೆ
ಹೊಟ್ಟೆ ಬಿಚ್ಚಿದ ಹಸಿರು ಸಿಲಿಂಡರು:
ಐವತ್ತೆಂಟನೇ ಇಸವಿಯ ಕಸ ಹೀರುವ ಯಂತ್ರ.
ತಂದವಳು ಥೆಲ್ಮಾ ಆರ್ಮಿಟೇಜ್, ಬಸ್ಸಿನಲ್ಲಿ,
ತೊಡೆಯ ಮೇಲಿಟ್ಟುಕೊಂಡು.
"ನಮ್ಮಮ್ಮನದು. ನಡೀಬೇಕು" ಅಂದಳು. ಅಷ್ಟೇ.

ನಾನು ಗದಗಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತಿದವನು.
ಸುಟ್ಟ ವಾರ್ನಿಷಿನ ವಾಸನೆ
ಇಲ್ಲಿಯೂ ಅದೇ, ಅಲ್ಲಿಯೂ ಅದೇ.

ಬಿಚ್ಚಿದ ಸ್ಕ್ರೂಗಳನ್ನು ಮೊಟ್ಟೆಯ ಟ್ರೇಯಲ್ಲಿ
ಬಿಚ್ಚಿದ ಸರದಿಯಲ್ಲೇ ಇಡಬೇಕು.
ಸರದಿ ತಪ್ಪಿದರೆ ಕೊನೆಗೊಂದು ಉಳಿಯುತ್ತದೆ,
ಉಳಿದದ್ದು ರಾತ್ರಿ ನಿದ್ದೆಯಲ್ಲಿ ಉರುಳುತ್ತದೆ.
ಫ್ಯಾನಿನ ಅಲಗುಗಳಿಗೆ ಮೆತ್ತಿದ್ದು ಬೂದು ಕಂಬಳಿ;
ಈ ಊರ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು,
ಧೂಳು ಮಾತ್ರ ಇನ್ನೂ ಉಣ್ಣೆಯದೇ.
ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ, ಸೀಮೆಎಣ್ಣೆಯಲ್ಲಿ
ಬೇರಿಂಗುಗಳನ್ನು ಮೀಯಿಸಿದೆ.
ತಾಮ್ರದ ಪಟ್ಟಿಗಳ ನಡುವಿನ ಕಪ್ಪನ್ನು
ಬಿದಿರ ಕಡ್ಡಿಯಿಂದ, ಕಿವಿಯ ಗುಗ್ಗೆ ತೆಗೆದಂತೆ, ತೆಗೆದೆ.
ಗ್ರೀಸು ಕಡಲೆಕಾಳಿನಷ್ಟು.
ಹೆಚ್ಚು ಉಣಿಸಿದರೆ ಯಂತ್ರಕ್ಕೂ ಅಜೀರ್ಣ.

ಆಮೇಲೆ ಮುಚ್ಚಳದ ಸೀಲು.
ಕಾರ್ಖಾನೆಯ ರಬ್ಬರು ಮಳೆಗಾಲದ ಬೆಲ್ಲದ ಹಾಗೆ
ಅಂಟಂಟಾಗಿ ತಳದಲ್ಲಿ ಕರಗಿತ್ತು.
ಅದರ ಮೇಲೆ ಬೇರೆಯೇ ಒಂದು ಉಂಗುರ:
ಕೆಂಪು, ಗೆರೆಗೆರೆ. ಬಿಸಿನೀರಿನ ಚೀಲವನ್ನು ಯಾರೋ
ಹೊಲಿಗೆಯ ಕತ್ತರಿಯಲ್ಲಿ ಕತ್ತರಿಸಿದ್ದಾರೆ.
ಅಳತೆಗೆ ಬೆರಳಗಲ ಸಾಲದೆ ಬಿದ್ದ ಜಾಗಕ್ಕೆ
ಮೇಣದಲ್ಲಿ ಅದ್ದಿದ ಉಣ್ಣೆಯ ಎಳೆ ತುರುಕಿದ್ದಾರೆ.
ಎಳೆ ಅರ್ಧ ಉದುರಿತ್ತು. ನಕ್ಕೆ. ಡಬ್ಬಿಗೆ ಹಾಕಿದೆ.

ಹೊಸದನ್ನು ನಾನು ಕತ್ತರಿಸಿದ್ದು ಕಂಪಾಸು ಹಿಡಿದು.
ಗಾಡಿಯನ್ನು ಸ್ಪಿರಿಟಿನಲ್ಲಿ ಒರೆಸಿ, ಗೋಂದು ತೆಳ್ಳಗೆ ಎಳೆದು,
ಮುಚ್ಚಿ, ಮೇಲೆ ಹತ್ತು ಕಿಲೋ ಅಕ್ಕಿಯ ಚೀಲ ಹೇರಿದೆ.
ರಾತ್ರಿ ಸರಸ್ವತಿ ಅಕ್ಕಿ ಕೇಳಿದಳು.
ನಾಳೆ ಅಂದೆ.
ಬ್ರೆಡ್ಡು ತಿಂದೆವು, ಮಾತಿಲ್ಲದೆ.

ಬೆಳಗ್ಗೆ ಸ್ವಿಚ್ಚು ಒತ್ತಿ, ಊದುಬತ್ತಿ ಹಚ್ಚಿ
ಮುಚ್ಚಳದ ಸುತ್ತ ಆರತಿಯಂತೆ ತಂದೆ:
ಹೊಗೆ ಎಲ್ಲಿಯೂ ಬಾಗಲಿಲ್ಲ.
ಒಂದು ಎಳೆ ಗಾಳಿಯೂ ಸೋರದ ಕೆಲಸ
ಮೂವತ್ತು ವರ್ಷದಲ್ಲಿ ನಾಲ್ಕು ಸಲ ಮಾಡಿದ್ದೇನೆ, ಇದು ಐದು.

ಶನಿವಾರ ಥೆಲ್ಮಾ ಬಂದಳು. ಹಾಕಿ ತೋರಿಸಿದೆ.
ಕೋಟು ಬಿಚ್ಚದೆ, ಕತ್ತು ಓರೆ ಮಾಡಿ ಕೇಳಿಸಿಕೊಂಡಳು.
"ಇದಲ್ಲ."
ನಿಮ್ಮದೇ ಯಂತ್ರ, ಅಂದೆ.
"ಯಂತ್ರ ನಮ್ಮದೇ. ಇದು ಸಿಳ್ಳೆ ಹಾಕುತ್ತಿತ್ತು."

ಅಪ್ಪನಿಗೆ ಗಿರಣಿಯಲ್ಲಿ ರಾತ್ರಿ ಪಾಳಿಯಂತೆ.
ಹಗಲೆಲ್ಲ ಮನೆಯಲ್ಲಿ ಕಾಲ್ತುದಿಯ ನಡಿಗೆ,
ಪಿಸುಮಾತು, ಅಂಗಳದಲ್ಲಿ ಆಟ, ಅದೂ ಬಾಯಿ ಮುಚ್ಚಿ.
ಅವನು ಎದ್ದ ಮೇಲೆಯೇ ಅಮ್ಮ ಇದನ್ನು ಹಚ್ಚುವುದು.
ಸಿಳ್ಳೆ ಕೇಳಿತೆಂದರೆ ಒಳಗೆ ಬರಬಹುದು,
ಬಾಗಿಲು ದಡಾರನೆ ಹಾಕಬಹುದು,
ತಮ್ಮನಿಗೆ ಹೆಸರು ಹಿಡಿದು ಬೈಯಬಹುದು.

ನಾನು ಏನೂ ಹೇಳಲಿಲ್ಲ.
ಸೋರಿಕೆಯೆಂದರೆ ನಷ್ಟ ಎಂದು ಕಲಿತ ಕೈ ಇದು,
ಸ್ವಲ್ಪ ಹೊತ್ತು ಒಪ್ಪಲಿಲ್ಲ.
ಆಮೇಲೆ ಚಾಕು ತೆಗೆದು ನನ್ನ ಐದನೆಯದನ್ನು ಎಬ್ಬಿಸಿದೆ.
ಡಬ್ಬಿಯಿಂದ ಕೆಂಪು ಉಂಗುರ ತಂದು, ತೊಳೆದು, ಪೌಡರು ಸವರಿ,
ಉಣ್ಣೆ ಉದುರಿದ ಜಾಗ ಹಿಡಿಕೆಯ ಕಡೆಗೇ ಬರುವಂತೆ ಕೂರಿಸಿದೆ.

ಹಾಕಿದಾಗ ಊದುಬತ್ತಿಯ ಹೊಗೆ ನಡು ಬಗ್ಗಿಸಿ
ಬೆರಳಗಲದ ಬಿರುಕಿನೊಳಗೆ ನುಗ್ಗಿತು.
ಸಣ್ಣಗೆ, ಮೂಗಿನಿಂದ ಬಂದಂತೆ, ಸಿಳ್ಳೆ.
"ಇನ್ನೂ ಒಂಚೂರು ಕೆಳಗಿನ ದನಿ" ಅಂದಳು.
ಉಂಗುರವನ್ನು ಕೂದಲೆಳೆಯಷ್ಟು ಸರಿಸಿದೆ.
ಅವಳು ಕೋಟು ಬಿಚ್ಚಿದಳು.

ದುಡ್ಡು ಎಣಿಸಿಕೊಟ್ಟು ಬಾಗಿಲವರೆಗೆ ಹೋಗಿ ತಿರುಗಿದಳು:
"ಆ ಹೊಸ ಸೀಲನ್ನೂ ಕೊಡು.
ಅದಕ್ಕೂ ಸೇರಿಸಿಯೇ ಕೊಟ್ಟಿದ್ದೇನೆ."