ಓದಿನಾಖಾನಳ ಫೋಲ್ಡರು

ಮೂರು ಸಂಜೆ ಹೋಯಿತು ಬರೀ ಅಣಿಮಾಡುವುದಕ್ಕೆ.
ಇನ್ನೂ ಒಂದು ಸಾಲೂ ಬರೆದಿಲ್ಲ.
ಓಶ್ ಪೇಟೆಯ ಗುಂಡಿ ಅಂಗಡಿಯ ಮೇಲಿನ ಕೋಣೆ,
ಐದು ಲ್ಯಾಪ್‌ಟಾಪು, ಆರು ಜನ,
ಒಂದೇ ಪ್ಲಗ್ಗು, ಅದೂ ಸಡಿಲ,
ಕೆಳಗೊಂದು ಟೀ ಪೊಟ್ಟಣ ಮಡಚಿ ಕೊಟ್ಟರಷ್ಟೇ ನಿಲ್ಲುತ್ತದೆ.

ಝಾನಾರ್ಬೆಕನದು ಮೊದಲ ದಿನವೇ ಆಯಿತು.
ಆದದ್ದಕ್ಕೆ ಅವನಿಗೇ ಬೇಜಾರು:
ಏನು ಮಾಡಿದೆನೋ ಗೊತ್ತಿಲ್ಲ,
ಮುಂದೆ, ಮುಂದೆ, ಮುಂದೆ ಅಂತ ಒತ್ತಿದೆನಷ್ಟೇ ಅಂದ.
ತಾಜಿಗುಲ್ ಎರಡು ಆವೃತ್ತಿ ಹಾಕಿಕೊಂಡಿದ್ದಾಳೆ,
ಒಂದೇ ಮನೆಯ ಸವತಿಯರು,
ಹೊಸದನ್ನು ಕರೆದರೆ ಹಳೆಯದು ಓಗೊಡುತ್ತದೆ.

ಓದಿನಾಖಾನಳದು ಮಾತ್ರ ಕೆಂಪು.
ಕೆಂಪಿನ ಮೇಲೆ ಕೆಂಪು ಸಾಲು,
ದಾರಿ ಸಿಗಲಿಲ್ಲ, ದಾರಿ ಸಿಗಲಿಲ್ಲ,
ನಡುವೆ ಐದು ಪ್ರಶ್ನೆಚಿಹ್ನೆ.
ರಾತ್ರಿ ಹನ್ನೊಂದಕ್ಕೆ ಹೊಳೆಯಿತು ನನಗೆ
ಆ ಐದು ಪ್ರಶ್ನೆಗಳೇ ಅವಳ ಹೆಸರು.
ತಮ್ಮ ಲ್ಯಾಪ್‌ಟಾಪು ಕೊಟ್ಟುಹೋದ ದಿನ
ಸಿರಿಲಿಕ್ಕಿನಲ್ಲಿ ತಾನೇ ಒತ್ತಿದ ಐದಕ್ಷರ,
ಯಂತ್ರಕ್ಕೆ ಓದಲು ಬಾರದು.

ಇದಕ್ಕೆ ಸುಲಭದ ಮದ್ದಿದೆ. ನನಗೂ ಅದನ್ನೇ ಹೇಳಿದ್ದರು:
ಹೆಸರು ಬದಲಿಸು, ಇಂಗ್ಲಿಷಿನಲ್ಲಿ ಇನ್ನೊಂದು ಖಾತೆ ತೆರೆ,
ಯೂಸರ್ ಒಂದು ಅಂತಲಾದರೂ ಇಟ್ಟುಕೋ.
ಇಟ್ಟುಕೊಂಡೆ. ಏಳು ವರ್ಷ
ಯೂಸರ್ ಒಂದಾಗಿಯೇ ದುಡಿದೆ.
ಹೇಳಲು ಬಾಯಿ ತೆರೆದೆ.
ಹಿಟ್ಟು ಮೆತ್ತಿದ ತೋಳು ಮಡಚಿ ಅವಳು ಕೂತಿದ್ದಳು.
ಬಾಯಿ ಮುಚ್ಚಿತು.

ಸಲಕರಣೆಗಳನ್ನೇ ಎತ್ತಿ ಬೇರೆ ಕಡೆ ಇಟ್ಟೆ,
ಸಿ ಡ್ರೈವಿನ ಹೊಸಿಲಲ್ಲಿ, ಒಂದು ಗಿಡ್ಡ ಹೆಸರಿನ ಫೋಲ್ಡರಿನೊಳಗೆ.
ದಾರಿಯನ್ನು ಅವಳ ಬಾಗಿಲ ಪಕ್ಕದಿಂದ ಬಳಸಿ ತಂದೆ.
ಹೆಸರು ಇದ್ದಲ್ಲೇ ಇತ್ತು. ಕೆಂಪು ಇಂಗಿತು.

ನಾಲ್ಕನೆಯ ಸಂಜೆ ಕ್ಲಾಸು, ಆಬ್ಜೆಕ್ಟು.
ನಕ್ಷೆ ಮತ್ತು ಮನೆ ಅಂತ ಶುರು ಮಾಡಿದೆ, ಎಲ್ಲರೂ ಮಾಡುವ ಹಾಗೆ.
"ನಮ್ಮ ಮನೆಗೆ ನಕ್ಷೆಯೇ ಇರಲಿಲ್ಲ" ಅಂದ ಝಾನಾರ್ಬೆಕ್,
"ಅಜ್ಜ ಕಡ್ಡಿಯಲ್ಲಿ ನೆಲಕ್ಕೆ ಗೀಚಿದ,
ಗೆರೆಯ ಮೇಲೇ ಗೋಡೆ ಎದ್ದಿತು."
ಎಲ್ಲರೂ ನಕ್ಕರು. ನನ್ನ ಮನೆ ಅಲ್ಲಿಗೇ ಕುಸಿಯಿತು.

ಓದಿನಾಖಾನ್ ಚೀಲದಿಂದ ಚೆಕಿಚ್ ತೆಗೆದಳು:
ಮರದ ಹಿಡಿ, ತಳದಲ್ಲಿ ಮೊಳೆಗಳ ಹೂವು,
ಹಸಿ ನಾನಿನ ನಡುವಿಗೆ ಒತ್ತುವ ಮುದ್ರೆ.
"ಇದನ್ನು ತಿನ್ನಲಾಗದು.
ಇದಿಲ್ಲದೆ ನಾನು ಒಂದೂ ನಾನ್ ಸುಟ್ಟಿಲ್ಲ.
ನಿಮ್ಮ ಕ್ಲಾಸು ಇದೇ ತಾನೆ?"
ಹೌದು ಅಂದೆ.
ಪೂರ್ತಿ ಹೌದಲ್ಲ, ಹಿಟ್ಟಿನ ಹದ, ಉಪ್ಪು, ಉರಿ
ಎಲ್ಲ ಅದರೊಳಗೇ ಬರೆದಿರಬೇಕು ಅಂತ ಸೇರಿಸಬೇಕಿತ್ತು.
ಅವತ್ತು ಸೇರಿಸಲಿಲ್ಲ.

ಒಂದೊಂದೇ ಬೆರಳಿನಲ್ಲಿ ಬರೆದಳು.
ಬ್ರಾಕೆಟ್ಟಿನ ಮೊದಲ ಪದಕ್ಕೆ ಬಂದು ನಿಂತಳು.
"ಈ ಸೆಲ್ಫ್ ಯಾರು, ಉಸ್ತೋಜ್?"
ತಾನು, ಅಂದೆ.
"ಯಾರ ತಾನು?"
ಯಾವ ರೊಟ್ಟಿಯನ್ನು ಕರೆದೆವೋ ಅದರ ತಾನು.
ನೂರು ನಾನ್ ಇರಲಿ, ಒಂದನ್ನು ಕರೆದರೆ
ಅದು ತನ್ನ ಬಿಸಿಯನ್ನು ತಾನೇ ಮುಟ್ಟಿ ನೋಡಿ ಹೇಳುತ್ತದೆ.
ಬಹಳ ಹೊತ್ತು ಪರದೆ ನೋಡಿದಳು.
"ಹಾಗಾದರೆ ನಾನಿಗೂ ತಾನುಂಟು"
ಅಂದಳು, ನನಗಲ್ಲ.

ಎರಡು ನಾನ್ ಮಾಡಿದಳು,
ಒಂದಕ್ಕೆ ಎಳ್ಳು, ಇನ್ನೊಂದಕ್ಕೆ ಈರುಳ್ಳಿ.
ಎಳ್ಳಿನದು ಉತ್ತರ ಕೊಟ್ಟಿತು.
ಒಂದು ಚುಕ್ಕೆ ಬಿಟ್ಟಿದ್ದಕ್ಕೆ ಈರುಳ್ಳಿಯದು ಕೆಂಪಾಯಿತು.
"ಸೀದುಹೋಯಿತು" ಅಂದವಳೇ
ತಂದೂರಿನೊಳಕ್ಕೆ ಬಗ್ಗುವ ಹಾಗೆ ಬಗ್ಗಿ
ಹುಡುಕತೊಡಗಿದಳು.

ಪ್ಲಗ್ಗು ಜಾರುತ್ತಿತ್ತು.
ಟೀ ಪೊಟ್ಟಣ ಒತ್ತಿ ಹಿಡಿದು ನಿಂತೆ.